ರಾಷ್ಟ್ರದ ದೀರ್ಘಕಾಲೀನ ಯೋಜನೆಯಲ್ಲಿ ಯುವಜನರ ಮತ್ತು ಸಮುದಾಯದ ಪಾತ್ರ

(ಶಾಖಾಮಠದ ವಾರ್ಷಿಕೋತ್ಸವದ ಅಂಗವಾಗಿ ಏರ್ಪಟ್ಟ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಉಡುಪಿಯಲ್ಲಿ ಎರಡು ವರ್ಷಗಳಿಗೊಮ್ಮೆ, ಜನವರಿ 18ರ ಬೆಳಗಿನ ಜಾವದಲ್ಲಿ ನಡೆಯುವ ಪರ್ಯಾಯ ಮಹೋತ್ಸವವನ್ನು ಕಣ್ಣಾರೆ ಕಂಡವರು ಈ ಸಭೆಯಲ್ಲಿ ಅನೇಕರಿದ್ದಾರೆ. ಮೆರವಣಿಗೆ, ವಾದ್ಯಘೋಷ, ಪೀಠಾರೋಹಣ ಇವು ಎಲ್ಲರ ಕಣ್ಣಿಗೆ ಬೀಳುವ ಭಾಗ. ಆದರೆ ಆ ದಿನದ ಸಿದ್ಧತೆ ಆರಂಭವಾಗುವುದು ಬಹಳ ಹಿಂದೆಯೇ. ಮೊದಲು ಬಾಳೆ ಮುಹೂರ್ತ, ಅನಂತರ ಅಕ್ಕಿ ಮುಹೂರ್ತ, ಬಳಿಕ ಕಟ್ಟಿಗೆ ಮುಹೂರ್ತ, ಕೊನೆಯಲ್ಲಿ ಭತ್ತ ಮುಹೂರ್ತ. ಅಕ್ಕಿಯನ್ನು ಸಂಗ್ರಹಿಸಿ ತರಬಹುದು, ಕಟ್ಟಿಗೆಯನ್ನು ಕಡಿದು ಒಟ್ಟಬಹುದು. ಬಾಳೆಯ ಕಂದನ್ನು ನೆಟ್ಟ ಮೇಲೆ ಅದು ಬೆಳೆಯುವ ತನಕ ಕಾಯದೆ ಬೇರೆ ದಾರಿಯಿಲ್ಲ. ಹೆಚ್ಚು ಕಾಲ ಹಿಡಿಯುವ ಕಾರ್ಯಕ್ಕೆ ಮೊದಲು ಕೈಹಾಕಬೇಕೆಂಬ ವಿವೇಕವನ್ನು ಈ ಕ್ರಮದಲ್ಲಿ ಕಾಣಬಹುದು. ಪರ್ಯಾಯ ಸಮೀಪಿಸಿದಂತೆ ಊರೂರುಗಳಿಂದ ಹೊರೆಕಾಣಿಕೆ ಬರತೊಡಗುತ್ತದೆ. ಒಬ್ಬನು ತೆಂಗಿನಕಾಯಿ ತಂದರೆ, ಇನ್ನೊಬ್ಬನು ಕುಂಬಳಕಾಯಿ ತರುತ್ತಾನೆ. ತಂದವನಿಗೆ ಆ ಉತ್ಸವ ಬೇರೆಯವರದಾಗಿ ಉಳಿಯುವುದಿಲ್ಲ, ಅದು ತನ್ನದಾಗುತ್ತದೆ.

ಇಂದಿನ ಉಪನ್ಯಾಸದ ವಿಷಯಕ್ಕೆ ಈ ಎರಡು ಸಂಗತಿಗಳೇ ಪೀಠಿಕೆ. ಯಾವುದೇ ದೀರ್ಘಕಾಲೀನ ಯೋಜನೆಯಲ್ಲಿ ನಿಧಾನವಾಗಿ ಬೆಳೆಯುವುದನ್ನು ಮೊದಲು ನೆಡಬೇಕು. ಯೋಜನೆಯ ಹೊರೆ ಹೊರುವವನಿಗೆ ಅದು ತನ್ನದೆಂಬ ಭಾವ ಹುಟ್ಟಬೇಕು. ರಾಷ್ಟ್ರದ ಅಭಿವೃದ್ಧಿಯಲ್ಲಿ ನಿಧಾನವಾಗಿ ಬೆಳೆಯುವುದು ರಸ್ತೆಯಲ್ಲ, ಕಾರ್ಖಾನೆಯಲ್ಲ, ಹೊಣೆಯರಿತ ಮನುಷ್ಯ.

ಯೋಜನೆಯ ವಾರಸುದಾರರು

ಸ್ವಾತಂತ್ರ್ಯದ ನೂರನೆಯ ವರ್ಷವಾದ 2047ರ ವೇಳೆಗೆ ಭಾರತವು ಅಭಿವೃದ್ಧಿ ಹೊಂದಿದ ರಾಷ್ಟ್ರವಾಗಬೇಕೆಂಬ ಗುರಿಯನ್ನು ಕೇಂದ್ರ ಸರ್ಕಾರವು 'ವಿಕಸಿತ ಭಾರತ' ಎಂಬ ಹೆಸರಿನಲ್ಲಿ ದೇಶದ ಮುಂದಿಟ್ಟಿದೆ. 2047ರ ಹೊತ್ತಿಗೆ ಈ ಸಭೆಯ ಮುಂದಿನ ಸಾಲುಗಳಲ್ಲಿ ಕುಳಿತಿರುವ ಹಿರಿಯರಲ್ಲಿ ಬಹುಮಂದಿ ಇರಲಾರರು. ಆದರೆ 2010ರಲ್ಲಿ ಹುಟ್ಟಿದ ಬಾಲಕನಿಗೆ ಆಗ 37 ವರ್ಷ. ಸಂಸಾರದ ಭಾರ, ಸಾಲದ ಕಂತು, ಮಕ್ಕಳ ವಿದ್ಯಾಭ್ಯಾಸ, ತಂದೆತಾಯಿಯರ ಔಷಧೋಪಚಾರ ಎಲ್ಲವೂ ಆತನ ಹೆಗಲ ಮೇಲಿರುವ ವಯಸ್ಸು ಅದು. ಇಂದು ತೀರ್ಮಾನವಾಗುವ ರೈಲುಮಾರ್ಗ, ಜಲಾಶಯ, ವಿದ್ಯುತ್ ಸ್ಥಾವರಗಳ ಫಲವನ್ನು ಉಣ್ಣುವವನೂ ಆತನೇ, ತಪ್ಪಾದರೆ ದಂಡ ತೆರುವವನೂ ಆತನೇ. ಆಸ್ತಿಯ ಪತ್ರಕ್ಕೆ ವಾರಸುದಾರರ ಸಹಿ ಇಲ್ಲದಿದ್ದರೆ ಮುಂದೆ ತಕರಾರು ತಪ್ಪದೆಂಬುದನ್ನು ಗೃಹಸ್ಥರೆಲ್ಲ ಬಲ್ಲರು. ರಾಷ್ಟ್ರದ ಯೋಜನೆಗೂ ಇದೇ ನ್ಯಾಯ ಅನ್ವಯಿಸುತ್ತದೆ.

ಇದನ್ನು ಸರ್ಕಾರಗಳು ಅರಿತಿಲ್ಲವೆಂದಲ್ಲ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಸಂವಿಧಾನದ 61ನೆಯ ತಿದ್ದುಪಡಿಯಿಂದಾಗಿ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. 2023ರ ಅಕ್ಟೋಬರ್ 31ರಂದು 'ಮೇರಾ ಯುವ ಭಾರತ್' ಎಂಬ ಸಂಸ್ಥೆ ಪ್ರಾರಂಭವಾಯಿತು. ಅದೇ ವರ್ಷದ ಡಿಸೆಂಬರ್ 11ರಂದು 2047ರ ಗುರಿಯನ್ನು ಕುರಿತು ಯುವಜನರ ಸಲಹೆಗಳನ್ನು ಆಹ್ವಾನಿಸುವ ಕಾರ್ಯಕ್ಕೆ ಚಾಲನೆ ದೊರೆಯಿತು. 2025ರ ಜನವರಿಯಲ್ಲಿ ದೆಹಲಿಯ ಭಾರತ ಮಂಟಪದಲ್ಲಿ ನಾಡಿನ ನಾನಾ ಭಾಗಗಳ ಯುವಜನರ ಸಂವಾದವೂ ನಡೆಯಿತು. ಇವೆಲ್ಲ ಸ್ವಾಗತಾರ್ಹ. ಆದರೆ ಸಲಹೆಯನ್ನು ಕೇಳುವುದು ಒಂದು, ನಿರ್ಧಾರದಲ್ಲಿ ಪಾಲು ಕೊಡುವುದು ಇನ್ನೊಂದು. ಇವೆರಡರ ನಡುವಿನ ಅಂತರವನ್ನು ದೇಶದ ಯೋಜನಾ ಇತಿಹಾಸವೇ ತೋರಿಸಿಕೊಡುತ್ತದೆ.

ವಿಶ್ವೇಶ್ವರಯ್ಯನವರ ದೂರದೃಷ್ಟಿ

ಭಾರತದಲ್ಲಿ ಯೋಜನೆಯ ಮಾತು ಬಂದಾಗ ಮೊದಲು ನೆನೆಯಬೇಕಾದವರು ಸರ್ ಎಂ. ವಿಶ್ವೇಶ್ವರಯ್ಯನವರು. ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ದೀರ್ಘಕಾಲ ದುಡಿದು, ಅನಂತರ ಮೈಸೂರಿಗೆ ಬಂದ ಅವರು ಹೊರನಾಡ ಕನ್ನಡಿಗರಿಗೆ ಇಮ್ಮಡಿ ಆಪ್ತರು. 1934ರಲ್ಲಿ ಪ್ರಕಟವಾದ ಅವರ 'ಪ್ಲ್ಯಾನ್ಡ್ ಎಕಾನಮಿ ಫಾರ್ ಇಂಡಿಯಾ' ಎಂಬ ಗ್ರಂಥವು ಹತ್ತು ವರ್ಷಗಳಲ್ಲಿ ರಾಷ್ಟ್ರೀಯ ವರಮಾನವನ್ನು ಇಮ್ಮಡಿಗೊಳಿಸುವ ಮಾರ್ಗವನ್ನು ಸೂಚಿಸಿತು. ಸ್ವತಂತ್ರ ಭಾರತದ ಯೋಜನಾ ಆಯೋಗ ಹುಟ್ಟಿದ್ದು 1950ರಲ್ಲಿ ಎಂಬುದನ್ನು ನೆನೆದರೆ ಆ ದೃಷ್ಟಿ ಎಷ್ಟು ಮುಂದಿತ್ತೆಂಬುದು ಮನವರಿಕೆಯಾದೀತು.

ಆದರೆ ಗ್ರಂಥಕ್ಕಿಂತಲೂ ಮಹತ್ವದ ಒಂದು ಕಾರ್ಯ 1911ರಲ್ಲೇ ನಡೆದಿತ್ತು. ವಿಶ್ವೇಶ್ವರಯ್ಯನವರು ಆಗ ಇನ್ನೂ ದಿವಾನರಾಗಿರಲಿಲ್ಲ. ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದರು. ಅವರ ಪ್ರೇರಣೆಯಿಂದ ಮೈಸೂರು ಆರ್ಥಿಕ ಸಮ್ಮೇಳನ ಅಸ್ತಿತ್ವಕ್ಕೆ ಬಂದಿತು. ಶಿಕ್ಷಣ, ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯಗಳಿಗೆ ಪ್ರತ್ಯೇಕ ಸಮಿತಿಗಳು ರಚನೆಯಾದವು; ಜಿಲ್ಲೆ, ತಾಲ್ಲೂಕುಗಳ ಮಟ್ಟದಲ್ಲಿಯೂ ಸಮಿತಿಗಳು ಏರ್ಪಟ್ಟವು. ಅಧಿಕಾರಿಗಳ ಜೊತೆಯಲ್ಲಿ ಅಧಿಕಾರಿಗಳಲ್ಲದವರೂ ಕುಳಿತು ಚರ್ಚಿಸಬೇಕು, ಊರಿನ ಸಂಗತಿಯನ್ನು ಊರಿನವರ ಬಾಯಿಂದ ಕೇಳಬೇಕು ಎಂಬುದು ಅದರ ಉದ್ದೇಶ. ಅರಸೊತ್ತಿಗೆಯ ಕಾಲದಲ್ಲಿ, ಮತದಾನದ ಹಕ್ಕು ಕೆಲವರಿಗಷ್ಟೇ ಇದ್ದಾಗ, ಅಣೆಕಟ್ಟು ಕಟ್ಟುವ ಇಂಜಿನಿಯರೊಬ್ಬರು ಜನರನ್ನು ಕೂಡಿಸಿಕೊಂಡು ಮಾತನಾಡಬೇಕೆಂದು ಬಯಸಿದ್ದು ಸಣ್ಣ ಸಂಗತಿಯಲ್ಲ.

ಶ್ರಮಕ್ಕೆ ಕರೆ, ನಿರ್ಧಾರಕ್ಕೆ ಮರೆವು

ಸ್ವಾತಂತ್ರ್ಯಾನಂತರ, 1952ರ ಅಕ್ಟೋಬರ್ 2ರಂದು 55 ಕೇಂದ್ರಗಳಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ಗ್ರಾಮಸೇವಕರ ನೇಮಕವಾಯಿತು; ಬ್ಲಾಕ್ ಕಚೇರಿಗಳು ತೆರೆದವು; ಶ್ರಮದಾನದಿಂದ ರಸ್ತೆ, ಕೆರೆ, ಶಾಲಾ ಕಟ್ಟಡಗಳ ಕೆಲಸ ಉತ್ಸಾಹದಿಂದ ನಡೆಯಿತು. ಐದು ವರ್ಷಗಳಾಗುವಷ್ಟರಲ್ಲಿ ಆ ಉತ್ಸಾಹ ಇಳಿಯಿತು. ಕಾರಣವನ್ನು ಪರಿಶೀಲಿಸಲು 1957ರಲ್ಲಿ ನೇಮಕವಾದ ಬಲವಂತರಾಯ್ ಮೆಹತಾ ಸಮಿತಿಯು ಜನರ ಸ್ವಯಂಪ್ರೇರಣೆಯನ್ನು ಎಚ್ಚರಿಸುವಲ್ಲಿ ಕಾರ್ಯಕ್ರಮ ಸಫಲವಾಗಿಲ್ಲವೆಂದು ಸ್ಪಷ್ಟವಾಗಿ ವರದಿ ಮಾಡಿತು. ಚುನಾಯಿತ ಸಂಸ್ಥೆಗಳ ಕೈಗೆ ಅಧಿಕಾರವನ್ನೂ ಹಣವನ್ನೂ ಕೊಡದೆ ಜನರು ಮುಂದೆ ಬರಲಾರರೆಂಬುದು ಅದರ ಶಿಫಾರಸಿನ ತಿರುಳು. ಅದರ ಫಲವಾಗಿ 1959ರ ಅಕ್ಟೋಬರ್ 2ರಂದು ರಾಜಸ್ಥಾನದ ನಾಗೌರ್‌ನಲ್ಲಿ ಪಂಚಾಯತ್ ರಾಜ್ ವ್ಯವಸ್ಥೆಗೆ ಚಾಲನೆ ದೊರೆಯಿತು.

ಈ ಅನುಭವದ ಪಾಠ ಸರಳವಾದುದು. ಜನರನ್ನು ಗುದ್ದಲಿ ಹಿಡಿಯಲು ಮಾತ್ರ ಕರೆದರೆ ಒಂದು ದಿನ ಬರುತ್ತಾರೆ, ಎರಡು ದಿನ ಬರುತ್ತಾರೆ. ಗುದ್ದಲಿಪೂಜೆ ಎಲ್ಲಿ ಆಗಬೇಕೆಂಬ ಮಾತಿನಲ್ಲಿಯೂ ಅವರಿಗೆ ಪಾಲಿದ್ದರೆ ಮಾತ್ರ ಕೆಲಸ ಮುಗಿಯುವ ತನಕ ನಿಲ್ಲುತ್ತಾರೆ.

ಕರ್ನಾಟಕವು ಈ ದಿಕ್ಕಿನಲ್ಲಿ ದೇಶಕ್ಕೆ ಮೇಲ್ಪಂಕ್ತಿಯಾಯಿತು. 1983ರ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತ್‌ಗಳಿಗೆ ಚುನಾವಣೆ ನಡೆದು, ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳು ಮೀಸಲಾದವು. ಅದರ ಹಿಂದಿನ ಶಕ್ತಿಯಾಗಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಅವರನ್ನು ಹಳ್ಳಿಗಳಿಗೆ ಕೊಳವೆಬಾವಿ ತಂದುಕೊಟ್ಟುದಕ್ಕಾಗಿ ಜನರು ಪ್ರೀತಿಯಿಂದ 'ನೀರ್ ಸಾಬ್' ಎಂದು ಕರೆದರು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಗ್ರಾಮಸಭೆ, ವಾರ್ಡ್ ಸಮಿತಿ, ಜಿಲ್ಲಾ ಯೋಜನಾ ಸಮಿತಿಗಳಿಗೆ ದೇಶದಾದ್ಯಂತ ಸಂವಿಧಾನದ ಬಲವನ್ನು ಒದಗಿಸಿದವು. ಜಿಲ್ಲಾ ಯೋಜನಾ ಸಮಿತಿಯ ಸದಸ್ಯರಲ್ಲಿ ಐದನೆಯ ನಾಲ್ಕು ಭಾಗದಷ್ಟು ಮಂದಿ ಚುನಾಯಿತ ಪ್ರತಿನಿಧಿಗಳೇ ಆಗಿರಬೇಕೆಂಬುದು ಅಲ್ಲಿರುವ ನಿಯಮ.

ಕೇರಳದ ಪ್ರಯೋಗ

ಕಾಯಿದೆಯ ಅಕ್ಷರಕ್ಕೆ ಜೀವ ತುಂಬಿದ ಅತ್ಯಂತ ದೊಡ್ಡ ಪ್ರಯೋಗ ನಡೆದದ್ದು ಕೇರಳದಲ್ಲಿ. ಅದಕ್ಕೂ ಪೂರ್ವದಲ್ಲಿ ಅಲ್ಲಿ ಒಂದು 'ಬಾಳೆ ಮುಹೂರ್ತ' ನಡೆದಿತ್ತೆನ್ನಬಹುದು. 1989ರಲ್ಲಿ ಎರ್ನಾಕುಲಂ ಜಿಲ್ಲೆಯಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ಆರಂಭವಾದಾಗ ಸಹಸ್ರಾರು ಮಂದಿ ಯುವಕ ಯುವತಿಯರು ಸಂಬಳವಿಲ್ಲದೆ ಬೋಧಕರಾದರು. ಮನೆಮನೆಗೆ ಹೋಗಿ ಅಕ್ಷರ ಬಾರದವರ ಪಟ್ಟಿ ಮಾಡಿದರು. ಮೀನುಗಾರರಿಗೆ, ಬೀಡಿ ಕಟ್ಟುವವರಿಗೆ, ವೃದ್ಧೆಯರಿಗೆ ಅವರ ಬಿಡುವಿನ ವೇಳೆಯಲ್ಲಿ ಪಾಠ ಹೇಳಿದರು. 1990ರ ಫೆಬ್ರವರಿ 4ರಂದು ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾಯಿತು; ಮರುವರ್ಷ ಇಡೀ ರಾಜ್ಯವೇ ಆ ಕೀರ್ತಿಗೆ ಪಾತ್ರವಾಯಿತು. ಅಕ್ಷರ ಕಲಿತವರಿಗಿಂತಲೂ ಹೆಚ್ಚಾಗಿ ಬದಲಾದವರು ಕಲಿಸಿದ ಯುವಜನರು. ತಮ್ಮ ಊರಿನ ಪ್ರತಿಯೊಂದು ಮನೆಯ ಒಳಗು ಹೊರಗುಗಳನ್ನು ಅವರು ಮೊದಲ ಬಾರಿಗೆ ಕಂಡರು.

ಆ ಅಡಿಪಾಯದ ಮೇಲೆ 1996ರ ಆಗಸ್ಟ್‌ನಲ್ಲಿ, ಒಂಬತ್ತನೆಯ ಪಂಚವಾರ್ಷಿಕ ಯೋಜನೆಗಾಗಿ ಜನಕೀಯ ಯೋಜನಾ ಆಂದೋಲನ ಆರಂಭವಾಯಿತು. ರಾಜ್ಯದ ಯೋಜನಾ ಹಣದಲ್ಲಿ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವುದೆಂದು ಸರ್ಕಾರ ಮೊದಲೇ ತೀರ್ಮಾನಿಸಿತು. ಕೈಯಲ್ಲಿ ಹಣವಿದ್ದಾಗ ಚರ್ಚೆಗೆ ತೂಕ ಬರುತ್ತದೆ. ಗ್ರಾಮಸಭೆಗಳಲ್ಲಿ ಜನರು ಗುಂಪುಗುಂಪಾಗಿ ಕುಳಿತು ಸಮಸ್ಯೆಗಳನ್ನು ಪಟ್ಟಿ ಮಾಡಿದರು. ಪ್ರತಿ ಪಂಚಾಯತಿಯೂ ತನ್ನ ಅಭಿವೃದ್ಧಿ ವರದಿಯನ್ನು ತಾನೇ ಬರೆಯಿತು. ವಿಚಾರಗೋಷ್ಠಿಗಳು ನಡೆದು, ಕಾರ್ಯಪಡೆಗಳು ಒಂದೊಂದು ಕೆಲಸಕ್ಕೂ ರೂಪರೇಷೆ ಸಿದ್ಧಪಡಿಸಿದವು.

ಇಲ್ಲಿ ಒಂದು ತೊಡಕು ಎದುರಾಯಿತು. ಊರಿನವರು ಬಯಸಿದ ಸೇತುವೆಗೆ, ನೀರಿನ ಟ್ಯಾಂಕಿಗೆ ಸರಿಯಾದ ಎಸ್ಟಿಮೇಟ್ ಬರೆಯುವವರು ಯಾರು? ಸರ್ಕಾರಿ ಇಂಜಿನಿಯರುಗಳು ಸಾಲಲಿಲ್ಲ. ಆಗ ನಿವೃತ್ತ ಇಂಜಿನಿಯರುಗಳು, ವೈದ್ಯರು, ಪ್ರಾಧ್ಯಾಪಕರು, ಬ್ಯಾಂಕ್ ಅಧಿಕಾರಿಗಳನ್ನೊಳಗೊಂಡ ಸ್ವಯಂಸೇವಾ ತಾಂತ್ರಿಕ ಪಡೆಯೊಂದನ್ನು ರಚಿಸಲಾಯಿತು. ಪಿಂಚಣಿ ಪಡೆದು ಮನೆಯಲ್ಲಿ ಕುಳಿತಿದ್ದ ಸಹಸ್ರಾರು ಮಂದಿ ಹಳೆಯ ಸ್ಕೇಲು, ಕನ್ನಡಕಗಳನ್ನು ಹುಡುಕಿಕೊಂಡು ಹೊರಟರು. ಊರಿನ ಯುವಕರು ಅಳತೆ ತಂದರೆ ಹಿರಿಯರು ಲೆಕ್ಕವನ್ನು ಪರಿಶೀಲಿಸಿದರು. ಯುವಜನರಿಗೆ ಅನುಭವ ಸಾಲದೆಂಬ ಆಕ್ಷೇಪಕ್ಕೆ ಇದಕ್ಕಿಂತ ಉತ್ತಮ ಸಮಾಧಾನ ಬೇರೊಂದಿಲ್ಲ. ಅನುಭವ ಇಲ್ಲದವನನ್ನು ದೂರ ಇಡುವುದರಿಂದ ಅನುಭವ ಬರುವುದಿಲ್ಲ. ಅನುಭವಿಯ ಪಕ್ಕದಲ್ಲಿ ಕೂರಿಸಿದರೆ ಬರುತ್ತದೆ.

ಪ್ರಯೋಗದ ಕೊರತೆಗಳನ್ನೂ ಹೇಳದಿದ್ದರೆ ಮಾತು ಅಪೂರ್ಣವಾಗುತ್ತದೆ. ಗ್ರಾಮಸಭೆಗೆ ಬಡವರು ಬಂದರು. ಮಧ್ಯಮವರ್ಗದವರು ಮತ್ತು ಓದಿದ ಯುವಕರು ಅಷ್ಟಾಗಿ ಬರಲಿಲ್ಲ. ಮನೆ, ಕೋಳಿ, ಆಡು, ತೆಂಗಿನ ಸಸಿ ಇತ್ಯಾದಿ ಸಹಾಯಧನದ ಪಟ್ಟಿಯೇ ಸಭೆಯ ಮುಖ್ಯ ವಿಷಯವಾಗತೊಡಗಿದಾಗ, ಅದರಲ್ಲಿ ತಮಗೇನೂ ಇಲ್ಲವೆಂದು ಅವರು ದೂರ ಉಳಿದರು. ತನಗೆ ಸಿಗುವುದೇನೆಂದು ಕೇಳುವವನು ಸಭೆಗೆ ಫಲಾನುಭವಿಯಾಗಿ ಬರುತ್ತಾನೆ. ಊರಿಗೆ ಬೇಕಾದುದೇನೆಂದು ಕೇಳುವವನು ನಾಗರಿಕನಾಗಿ ಬರುತ್ತಾನೆ. ಎರಡನೆಯವರ ಸಂಖ್ಯೆ ಬೆಳೆಯದೆ ದೀರ್ಘಕಾಲದ ಯೋಜನೆ ನಿಲ್ಲಲಾರದು.

ಕುಂದಾಪುರದ ಮಕ್ಕಳು

ಉಡುಪಿ ಜಿಲ್ಲೆಯ ಕುಂದಾಪುರ ತಾಲ್ಲೂಕಿನಲ್ಲಿ, ಕೆರಾಡಿ ಮುಂತಾದ ಘಟ್ಟದ ಬುಡದ ಗ್ರಾಮಗಳಲ್ಲಿ 1990ರ ದಶಕದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಸ್ವಯಂಸೇವಾ ಸಂಸ್ಥೆಯೊಂದರ ನೆರವಿನಿಂದ ಅಲ್ಲಿ ಮಕ್ಕಳ ಪಂಚಾಯತ್‌ಗಳು ರಚನೆಯಾದವು. ಶಾಲೆಗೆ ಹೋಗುವ ಮಕ್ಕಳು, ದುಡಿಯುವ ಮಕ್ಕಳು ಎಲ್ಲರೂ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ಗ್ರಾಮ ಪಂಚಾಯತಿಯ ಮುಂದೆ ಅವರು ಇಟ್ಟ ಬೇಡಿಕೆಗಳಲ್ಲಿ ಆಟದ ಸಾಮಾನುಗಳಷ್ಟೇ ಇರಲಿಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಶಾಲೆಗೆ ಹೋಗಲು ಕಾಲುಸಂಕ ಬೇಕೆಂಬುದು ಅವುಗಳಲ್ಲಿ ಪ್ರಮುಖವಾದುದು.

ಅಡಿಕೆಮರದ ಕಾಂಡಗಳನ್ನು ಜೋಡಿಸಿದ ಸಂಕದ ಮೇಲೆ ಆಷಾಢದ ಮಳೆಯಲ್ಲಿ ನಡೆದವರಿಗೆ ಆ ಬೇಡಿಕೆಯ ಗಾಂಭೀರ್ಯ ತಿಳಿದಿರುತ್ತದೆ. ದೊಡ್ಡವರು ರಸ್ತೆಯನ್ನು ಕೇಳಿದರು, ಏಕೆಂದರೆ ಅವರು ವಾಹನದಲ್ಲಿ ಓಡಾಡುವವರು. ಮಕ್ಕಳು ಸಂಕವನ್ನು ಕೇಳಿದರು, ಏಕೆಂದರೆ ನಿತ್ಯವೂ ಹಳ್ಳ ದಾಟುವವರು ಅವರು. ನಕ್ಷೆಯಲ್ಲಿ ಆ ಹಳ್ಳ ಒಂದು ನೀಲಿ ಗೆರೆ ಮಾತ್ರ. ಯಾವ ಮನೆಯ ಮಗು ಯಾವ ಜಾಗದಲ್ಲಿ ಅದನ್ನು ದಾಟುತ್ತದೆಂಬುದು ನಕ್ಷೆಯಲ್ಲಿ ಬರೆದಿರುವುದಿಲ್ಲ. ಆ ಮಗುವನ್ನೇ ಕೇಳಬೇಕು. ಮುಂದೆ ಕರ್ನಾಟಕದ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರ್ಕಾರದ ಸೂಚನೆಯೂ ಹೊರಟಿತು.

ಹಳಿ ಹಾಕುವುದು, ಹಳಿ ಕಾಯುವುದು

ಕಾಲುಸಂಕದಿಂದ ಮಹಾಸೇತುವೆಗಳ ಕಡೆಗೆ ಬಂದರೂ ತತ್ತ್ವ ಬದಲಾಗದು. ಮುಂಬಯಿಯ ಕರಾವಳಿ ಕನ್ನಡಿಗರಿಗೆ ಕೊಂಕಣ ರೈಲ್ವೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದಕ್ಕೂ ಮುನ್ನ ಊರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಇಡೀ ರಾತ್ರಿ, ಮರುದಿನದ ಬಹುಭಾಗ. 1990ರಲ್ಲಿ ಸ್ಥಾಪಿತವಾದ ಕೊಂಕಣ ರೈಲ್ವೆ ನಿಗಮವು ರೋಹಾದಿಂದ ಮಂಗಳೂರಿನವರೆಗೆ ಸುಮಾರು 760 ಕಿಲೋಮೀಟರ್ ಮಾರ್ಗವನ್ನು, ಸುಮಾರು 2,000 ಸೇತುವೆಗಳನ್ನೂ 90ಕ್ಕೂ ಹೆಚ್ಚು ಸುರಂಗಗಳನ್ನೂ ನಿರ್ಮಿಸಿ, 1998ರ ಜನವರಿ 26ರಂದು ರಾಷ್ಟ್ರಕ್ಕೆ ಅರ್ಪಿಸಿತು. ರೈಲ್ವೆ ಇಲಾಖೆಯ ಜೊತೆಗೆ ಮಹಾರಾಷ್ಟ್ರ, ಕರ್ನಾಟಕ, ಗೋವಾ ಮತ್ತು ಕೇರಳ ರಾಜ್ಯಗಳು ಬಂಡವಾಳ ಹಾಕಿದವು; ಬಾಂಡುಗಳ ಮೂಲಕವೂ ಹಣ ಸಂಗ್ರಹವಾಯಿತು. ಇ. ಶ್ರೀಧರನ್ ಅವರ ನೇತೃತ್ವವನ್ನು ಎಲ್ಲರೂ ಕೊಂಡಾಡುತ್ತಾರೆ. ಅದು ಯೋಗ್ಯವೇ ಸರಿ. ಆದರೆ ಆ ಮಾರ್ಗಕ್ಕಾಗಿ ನೆಲವನ್ನು ಬಿಟ್ಟುಕೊಟ್ಟ ಭೂಮಾಲೀಕರು ನಲವತ್ತು ಸಾವಿರಕ್ಕೂ ಅಧಿಕ. ತಲೆತಲಾಂತರದಿಂದ ಬಂದ ಗದ್ದೆ, ಹಲಸು, ಮಾವು, ತೆಂಗಿನ ತೋಟಗಳನ್ನು ಅವರು ಬಿಟ್ಟುಕೊಟ್ಟರು. ಅವರಲ್ಲಿ ಎಷ್ಟೋ ಮಂದಿ ಆ ರೈಲನ್ನು ಹತ್ತುವ ಮುನ್ನವೇ ಕಣ್ಣು ಮುಚ್ಚಿದ್ದಾರು. ಅಧಿಕಾರಿಗಳು ಮನೆಬಾಗಿಲಿಗೆ ಹೋಗಿ ಮಾತನಾಡಿದ ಕಡೆಗಳಲ್ಲಿ ಕೆಲಸ ಬೇಗ ಸಾಗಿತು. ಗೋವೆಯಲ್ಲಿ ಮಾರ್ಗದ ಆಯ್ಕೆಯ ಬಗ್ಗೆ ಜನರಲ್ಲಿ ಆತಂಕ ಹುಟ್ಟಿ, ಚಳವಳಿ ನಡೆದು, 1993ರಲ್ಲಿ ಕೆಲಸ ಕೆಲವು ಕಾಲ ನಿಂತು, ವಿಚಾರಣೆಯೂ ಆಯಿತು. ಮೊದಲೇ ಆಡಬೇಕಾದ ಮಾತನ್ನು ನಡುವೆ ಆಡಬೇಕಾಗಿ ಬಂದಾಗ ಯೋಜನೆ ತೆರುವ ಬೆಲೆ ಅದು.

ಹಳಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 2003ರ ಜೂನ್‌ನಲ್ಲಿ ವೈಭವವಾಡಿಯ ಬಳಿ ಗುಡ್ಡ ಕುಸಿದು ರೈಲು ಹಳಿತಪ್ಪಿ ಸುಮಾರು ಐವತ್ತು ಮಂದಿ ಮೃತರಾದರು. ಮರುವರ್ಷ ಅದೇ ತಿಂಗಳಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಂಜಾಡಿಯ ಬಳಿ ಅಪಘಾತಕ್ಕೀಡಾಯಿತು. ಅನಂತರ ಗುಡ್ಡಗಳಿಗೆ ಬಲೆ ಬಿಗಿಯುವುದು, ಮಳೆಗಾಲದಲ್ಲಿ ವೇಗವನ್ನು ತಗ್ಗಿಸುವುದು, ಹಳಿಯುದ್ದಕ್ಕೂ ಕಾವಲು ಹಾಕುವುದು ಬಿಗಿಯಾಯಿತು. ರಾತ್ರಿ ಸುರಿಯುವ ಮಳೆಯಲ್ಲಿ ಲಾಟೀನು, ಟಾರ್ಚು ಹಿಡಿದು ಹಳಿಯ ಮೇಲೆ ನಡೆಯುವ ಕಾವಲುಗಾರನ ಹೆಸರು ಶಿಲಾಫಲಕದಲ್ಲಿ ಇರುವುದಿಲ್ಲ. ಒಳಗೆ ಹೊದ್ದು ಮಲಗಿದ ಪ್ರಯಾಣಿಕರ ಪ್ರಾಣ ಮಾತ್ರ ಆತನ ಕಣ್ಣಿನಲ್ಲಿರುತ್ತದೆ. ಯೋಜನೆಯನ್ನು ರೂಪಿಸುವವರು ಕೆಲವರು. ಅದನ್ನು ನಿತ್ಯ ಕಾಯಬೇಕಾದದ್ದು ಸಮುದಾಯ. ನೀರಿನ ನಲ್ಲಿ ಒಡೆದಾಗ, ಚರಂಡಿ ಕಟ್ಟಿದಾಗ, ಶಾಲೆಗೆ ಶಿಕ್ಷಕರು ಬಾರದಿದ್ದಾಗ ಎಚ್ಚರಿಸುವವರು ಇಲ್ಲದಿದ್ದರೆ ಎಂತಹ ಯೋಜನೆಯೂ ಹಳಿತಪ್ಪುತ್ತದೆ.

ಮಹಾನಗರದ ನಕ್ಷೆ

ಇದು ಹಳ್ಳಿಯ ಮಾತಾಯಿತು, ನಗರವಾಸಿಗಳಿಗೆ ಇದರಲ್ಲಿ ಏನಿದೆ ಎಂದು ಕೇಳಬಹುದು. ಮುಂಬಯಿಯ ಅಭಿವೃದ್ಧಿ ಯೋಜನೆಯ ಪ್ರಸಂಗ ಇದಕ್ಕೆ ತಕ್ಕ ಉತ್ತರ. 2034ರವರೆಗಿನ ಎರಡು ದಶಕಗಳಲ್ಲಿ ನಗರದ ಯಾವ ನೆಲ ಯಾವ ಕಾರ್ಯಕ್ಕೆಂಬುದನ್ನು ನಿರ್ಧರಿಸುವ ಕರಡು ಯೋಜನೆಯನ್ನು ಮಹಾನಗರಪಾಲಿಕೆಯು 2015ರ ಫೆಬ್ರವರಿಯಲ್ಲಿ ಪ್ರಕಟಿಸಿತು. ನಾಗರಿಕರು ನಕ್ಷೆಯ ಹಾಳೆಗಳನ್ನು ಹರಡಿಕೊಂಡು ನೋಡಿದಾಗ ದೋಷಗಳು ಒಂದೊಂದಾಗಿ ಹೊರಬಂದವು. ಇದ್ದ ಕಟ್ಟಡಗಳ ಮೇಲೆಯೇ ರಸ್ತೆ ಹಾದುಹೋಗಿತ್ತು. ಪಾರಂಪರಿಕ ಕಟ್ಟಡಗಳ ಗುರುತು ತಪ್ಪಿತ್ತು. ಸಾವಿರಾರು ಆಕ್ಷೇಪಣೆಗಳು ಸಲ್ಲಿಕೆಯಾದವು. ಏಪ್ರಿಲ್ ತಿಂಗಳಲ್ಲಿಯೇ ರಾಜ್ಯ ಸರ್ಕಾರವು ಕರಡನ್ನು ತಿದ್ದಿ ಹೊಸದಾಗಿ ಸಿದ್ಧಪಡಿಸಲು ಆದೇಶಿಸಿತು. ಪರಿಷ್ಕೃತ ಕರಡು 2016ರಲ್ಲಿ ಹೊರಬಂದು, 2018ರಲ್ಲಿ ಅನುಮೋದನೆ ಪಡೆಯಿತು.

ಆ ದೋಷಗಳನ್ನು ಹುಡುಕಿದವರು ಯಾರು? ತಮ್ಮ ಗಲ್ಲಿ, ತಮ್ಮ ಮೈದಾನ, ತಮ್ಮ ಪ್ರಾರ್ಥನಾಮಂದಿರ ನಕ್ಷೆಯಲ್ಲಿ ಎಲ್ಲಿದೆಯೆಂದು ನೋಡುವ ವ್ಯವಧಾನವಿದ್ದ ಸಾಮಾನ್ಯ ಜನರು, ಗೃಹಿಣಿಯರು, ನಿವೃತ್ತರು, ವಾಸ್ತುಶಿಲ್ಪ ಓದಿದ ತರುಣರು. ನೋಡದಿದ್ದವರ ಮೈದಾನದ ಕಥೆ ಏನಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಪುಣೆಯ ಮಹಾನಗರಪಾಲಿಕೆಯು 2006ರಿಂದ ವಾರ್ಡಿನ ಸಣ್ಣಪುಟ್ಟ ಕಾಮಗಾರಿಗಳಿಗೆ ನಾಗರಿಕರಿಂದ ಲಿಖಿತ ಸಲಹೆಗಳನ್ನು ಪಡೆದು ಆಯವ್ಯಯದಲ್ಲಿ ಸೇರಿಸುವ ಪದ್ಧತಿಯನ್ನು ಆರಂಭಿಸಿತು. ಪಾದಚಾರಿ ಮಾರ್ಗ, ಬಸ್ ತಂಗುದಾಣ, ಬೀದಿದೀಪ ಮುಂತಾದವು ಅದರ ವ್ಯಾಪ್ತಿಗೆ ಬರುತ್ತವೆ. ಬಾಗಿಲು ತೆರೆದಿದ್ದರೂ ಒಳಹೋಗುವವರು ಕಡಿಮೆಯಾದರೆ ತಪ್ಪು ಬಾಗಿಲಿನದಲ್ಲ.

ಮನೆಯಂಗಳದಿಂದ ಆರಂಭ

ಹೊರನಾಡ ಕನ್ನಡಿಗರಿಗೆ ಸಮುದಾಯದ ಯೋಜನೆ ಹೊಸದೇನಲ್ಲ. ಹೋಟೆಲಿನಲ್ಲಿ ಹಗಲೆಲ್ಲ ದುಡಿದ ಹುಡುಗರು ಇರುಳು ಪುಸ್ತಕ ಹಿಡಿಯಲೆಂದು ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳು ಹುಟ್ಟಿಕೊಂಡವು. ಸರ್ಕಾರದ ಆದೇಶಕ್ಕೆ ಕಾಯದೆ ಸಮಾಜದ ಹಿರಿಯರು ಕಟ್ಟಿದ ಆ ಶಾಲೆಗಳಿಂದ ಗುಮಾಸ್ತರು, ವಕೀಲರು, ಉಪಾಧ್ಯಾಯರು, ಉದ್ಯಮಿಗಳು ಹೊರಬಂದರು. ಮೇಜು ಒರೆಸುವ ಹುಡುಗನಲ್ಲಿ ಇಪ್ಪತ್ತು ವರ್ಷಗಳ ಮುಂದಿನ ಗೃಹಸ್ಥನನ್ನು ಕಂಡ ಆ ಹಿರಿಯರೇ ನಿಜವಾದ ಯೋಜಕರು.

ಆದರೆ ಇಂದು ಸಂಘಸಂಸ್ಥೆಗಳನ್ನು ನೋಡಿದರೆ ಒಂದು ವಿಷಾದದ ಸಂಗತಿ ಗೋಚರಿಸುತ್ತದೆ. ಉತ್ಸವ ಬಂದಾಗ ಕುರ್ಚಿ ಜೋಡಿಸಲು, ಎಲೆ ಹಾಕಿ ಬಡಿಸಲು, ಧ್ವನಿವರ್ಧಕ ಕಟ್ಟಲು ಯುವಕರನ್ನು ಕರೆಯಲಾಗುತ್ತದೆ. ಕಾರ್ಯಕಾರಿ ಸಮಿತಿಯ ಪಟ್ಟಿಯಲ್ಲಿ ಮಾತ್ರ ಅವರ ಹೆಸರನ್ನು ಕಾಣುವುದು ಅಪರೂಪ. ಆಯವ್ಯಯದ ಸಭೆಯಲ್ಲಿ ಒಬ್ಬ ತರುಣ ಪ್ರಶ್ನೆ ಕೇಳಿದರೆ 'ನಿನಗೇಕೆ ಅದೆಲ್ಲ' ಎಂಬ ಮಾತು ಬರುತ್ತದೆ. ಮುಂದಿನ ಸಭೆಗೆ ಆತ ಬರುವುದಿಲ್ಲ. ಕೆಲವು ವರ್ಷಗಳ ಬಳಿಕ ಯುವಕರಿಗೆ ಆಸಕ್ತಿಯೇ ಇಲ್ಲವೆಂದು ಹಿರಿಯರೇ ದೂರುತ್ತಾರೆ. 1952ರ ಕಾರ್ಯಕ್ರಮ ಸೋತದ್ದು ಯಾವ ತಪ್ಪಿನಿಂದಲೋ, ಅದೇ ತಪ್ಪು ಇಲ್ಲಿ ಚಿಕ್ಕ ಪ್ರಮಾಣದಲ್ಲಿ ನಡೆಯುತ್ತದೆ. ದೇಶದ ಯೋಜನೆಯಲ್ಲಿ ಯುವಜನರಿಗೆ ಪಾಲು ಬೇಕೆಂದು ಭಾಷಣ ಮಾಡುವವರು ಮೊದಲು ತಮ್ಮ ಸಂಘದಲ್ಲಿ ಒಂದು ಕುರ್ಚಿಯನ್ನು ತೆರವು ಮಾಡಬೇಕು.

ಆದುದರಿಂದ ಕೆಲವು ವಿನಮ್ರ ಸೂಚನೆಗಳು. ಮೊದಲನೆಯದಾಗಿ, ಪ್ರತಿ ಸಂಘದ ಸಮಿತಿಯಲ್ಲಿಯೂ ಮೂವತ್ತರೊಳಗಿನ ಕೆಲವರಿಗೆ ಮತಾಧಿಕಾರಸಹಿತ ಸ್ಥಾನವಿರಲಿ; ಒಂದು ಕಾರ್ಯದ ಹಣವನ್ನೂ ಹೊಣೆಯನ್ನೂ ಪೂರ್ಣವಾಗಿ ಅವರಿಗೆ ವಹಿಸಲಿ. ತಪ್ಪಾದರೆ ತಿದ್ದುವ ಹಿರಿಯರು ಪಕ್ಕದಲ್ಲಿದ್ದಾರೆ. ಎರಡನೆಯದಾಗಿ, ಮಹಾನಗರದಲ್ಲಿ ವಾರ್ಡಿನ ಯೋಜನೆ, ಆಯವ್ಯಯಗಳನ್ನು ಓದುವ ಅಭ್ಯಾಸವನ್ನು ನಿವೃತ್ತರು ತರುಣರಿಗೆ ಕಲಿಸಲಿ. ಎಸ್ಟಿಮೇಟ್, ಟೆಂಡರ್, ಮೆಷರ್‌ಮೆಂಟ್ ಬುಕ್ ಎಂದರೇನೆಂದು ತಿಳಿದ ಹತ್ತು ಮಂದಿ ಒಂದು ಬಡಾವಣೆಯಲ್ಲಿದ್ದರೆ ಅಲ್ಲಿನ ಕಾಮಗಾರಿಯ ಗುಣಮಟ್ಟ ತಾನಾಗಿ ಏರುತ್ತದೆ. ಮೂರನೆಯದಾಗಿ, 2018ರಲ್ಲಿ ಆರಂಭವಾದ ಜನಯೋಜನಾ ಅಭಿಯಾನದಂತೆ ಗ್ರಾಮ ಪಂಚಾಯತಿಗಳು ತಮ್ಮ ಅಭಿವೃದ್ಧಿ ಯೋಜನೆಯನ್ನು ಗ್ರಾಮಸಭೆಯಲ್ಲಿ ಚರ್ಚಿಸಿ ಸಿದ್ಧಪಡಿಸಬೇಕಾಗಿದೆ. ಊರಿನಲ್ಲಿ ಮನೆ, ತೋಟ, ದೈವದೇವರ ಸಂಬಂಧ ಉಳಿಸಿಕೊಂಡವರು ರಥೋತ್ಸವಕ್ಕೆ ಹೋಗುವಂತೆಯೇ ಒಮ್ಮೆ ಗ್ರಾಮಸಭೆಯನ್ನೂ ನೋಡಿ ಬರಲಿ, ಮಕ್ಕಳನ್ನೂ ಕರೆದೊಯ್ಯಲಿ. ನಾಲ್ಕನೆಯದಾಗಿ, ಯುವಜನರಿಂದ ಸಲಹೆ ಕೇಳಿದ ಪ್ರತಿಯೊಬ್ಬರೂ, ಅದು ಸರ್ಕಾರವಿರಲಿ ಸಂಘವಿರಲಿ, ಆ ಸಲಹೆ ಏನಾಯಿತೆಂಬುದಕ್ಕೆ ಉತ್ತರ ಕೊಡಲಿ. ಒಪ್ಪಲಾಗದಿದ್ದರೆ ಕಾರಣವನ್ನು ತಿಳಿಸಿದರೂ ಸಾಕು, ಕೇಳಿದವನ ಗೌರವ ಉಳಿಯುತ್ತದೆ. ಉತ್ತರವಿಲ್ಲದ ಮೌನವೇ ತರುಣರನ್ನು ದೂರ ಅಟ್ಟುವುದು.

ಯುವಮಿತ್ರರಿಗೂ ಒಂದು ಮಾತು ಸಲ್ಲಬೇಕು. ಪಾಲು ಕೇಳುವವನು ಹೊರೆಯನ್ನೂ ಹೊರಬೇಕು. ಸಭೆಗೆ ಒಮ್ಮೆ ಬಂದು, ಮಾತು ನಡೆಯಲಿಲ್ಲವೆಂದು ಬೇಸರಗೊಂಡು ಹೊರಟುಹೋದರೆ ಪ್ರಯೋಜನವಿಲ್ಲ. ಎರ್ನಾಕುಲಂನ ಬೋಧಕರು ಒಂದು ವರ್ಷಕ್ಕೂ ಮಿಗಿಲಾಗಿ ತಾಳ್ಮೆಯಿಂದ ಪಾಠ ಹೇಳಿದರು. ಕುಂದಾಪುರದ ಮಕ್ಕಳು ಒಂದು ಸಂಕಕ್ಕಾಗಿ ಪಂಚಾಯತಿಯ ಬಾಗಿಲಿಗೆ ಹೋದರು. ಅಂಕಿಅಂಶವನ್ನು ಕೈಯಲ್ಲಿ ಹಿಡಿದು, ವಿನಯವನ್ನು ಬಿಡದೆ ಮತ್ತೆ ಮತ್ತೆ ಕೇಳುವವನ ಮಾತಿಗೆ ಕಿವಿಗೊಡದವರು ಕಡಿಮೆ.

2047 ದೂರವೆಂದು ತೋರಬಹುದು. 1998ರಲ್ಲಿ ಕೊಂಕಣ ರೈಲಿನಲ್ಲಿ ತಾಯಿಯ ಮಡಿಲಲ್ಲಿ ಕುಳಿತು ಊರಿಗೆ ಹೋದ ಮಗು ಇಂದು ದುಡಿಯುವ ಪ್ರಾಯಕ್ಕೆ ಬಂದಿದೆ. ಅಷ್ಟು ವರ್ಷಗಳು ಸರಿದದ್ದು ಯಾರಿಗೂ ತಿಳಿಯಲಿಲ್ಲ. ಮುಂದಿನ ಎರಡು ದಶಕಗಳೂ ಹಾಗೆಯೇ ಸರಿದುಹೋಗುತ್ತವೆ. ಅಕ್ಕಿ, ಕಟ್ಟಿಗೆ, ಭತ್ತಗಳನ್ನು ಆ ಕಾಲಕ್ಕೆ ಹೊಂದಿಸಿಕೊಳ್ಳಬಹುದು. ಬಾಳೆಯನ್ನು ಮಾತ್ರ ಈಗಲೇ ನೆಡಬೇಕು. ಆ ಸಸಿಗಳು ಈ ಸಭಾಂಗಣದ ಹಿಂದಿನ ಸಾಲಿನಲ್ಲಿ, ಬಡಿಸುವ ಸರದಿಗಾಗಿ ಕಾಯುತ್ತ ನಿಂತಿವೆ. ಅವರನ್ನು ಮುಂದಿನ ಸಾಲಿಗೆ ಕರೆದು ಕೂರಿಸುವ ಸದ್ಬುದ್ಧಿ ಹಿರಿಯರಿಗೂ, ಕೂತ ಸ್ಥಾನಕ್ಕೆ ತಕ್ಕ ಹೊಣೆ ಹೊರುವ ಶಕ್ತಿ ಕಿರಿಯರಿಗೂ ಶ್ರೀಹರಿ ಗುರುಗಳ ಅನುಗ್ರಹದಿಂದ ಲಭಿಸಲಿ.